ಹೊಸ ಮೇಷ್ಟ್ರು ಒಂಟಿಯಾಗಬಾರದು: ಚಳ್ಳಕೆರೆ, ಮೊಳಕಾಲ್ಮುರು ಸೀಮೆಗೆ ಬಂದ ಶಿಕ್ಷಕರಿಗೆ

ಜಿಲ್ಲೆಯ ಕೌನ್ಸೆಲಿಂಗ್‌ನಲ್ಲಿ ನಿಮ್ಮ ಸರದಿ ಬರುವ ಹೊತ್ತಿಗೆ ಚಿತ್ರದುರ್ಗದ ಸುತ್ತಮುತ್ತಲ ಹುದ್ದೆಗಳೆಲ್ಲ ಮುಗಿದಿದ್ದವು. ಉಳಿದದ್ದು ಪರಶುರಾಂಪುರದ ಆಚೆಗೊಂದು, ದೇವಸಮುದ್ರ ಹೋಬಳಿಯಲ್ಲೊಂದು. ಆದೇಶ ಕೈಗೆ ಬಂತು, ಹಾಜರಾದಿರಿ. ಮೊದಲ ವಾರ ಸಂಭ್ರಮದಲ್ಲೇ ಕಳೆಯಿತು. ಎರಡನೇ ವಾರದಿಂದ ಒಂದೊಂದೇ ಕಷ್ಟ ತಲೆ ಎತ್ತಿತು. ಬಿ.ಎಡ್.ನಲ್ಲಿ ಬರೆದ ಪಾಠ ಯೋಜನೆ ಒಂದು ತರಗತಿಗೆ, ಒಂದು ಪೀರಿಯಡ್ಡಿಗೆ. ಇಲ್ಲಿ ಒಂದೇ ಕೊಠಡಿಯಲ್ಲಿ ಮೂರು ತರಗತಿ ಕೂತಿವೆ. ಹಿಂದಿನ ಸಾಲಿನ ಮಕ್ಕಳು ತಮ್ಮತಮ್ಮಲ್ಲಿ ತೆಲುಗಿನಲ್ಲಿ ಮಾತಾಡಿಕೊಳ್ಳುತ್ತಾರೆ. ಪಾಠ ಅರ್ಧಕ್ಕೆ ಬಂದಾಗ ಕಚೇರಿಯಿಂದ ಫೋನು: ಸ್ಯಾಟ್ಸ್‌ನಲ್ಲಿ ಇಬ್ಬರು ಮಕ್ಕಳ ಮಾಹಿತಿ ಬಾಕಿ ಇದೆ. ಅಷ್ಟರಲ್ಲಿ ಬಿಸಿಯೂಟದ ಅಮ್ಮ ಬಂದು ಬೇಳೆ ಮುಗಿಯಿತು ಎನ್ನುತ್ತಾರೆ.

ಇವನ್ನೆಲ್ಲ ಯಾರನ್ನು ಕೇಳುವುದು? ಶಾಲೆಯಲ್ಲಿ ಇನ್ನೊಬ್ಬರು ಇದ್ದಾರೆ. ಅವರು ಮುಖ್ಯ ಶಿಕ್ಷಕರೂ ಹೌದು, ನಾಲ್ಕು, ಐದನೇ ತರಗತಿಯ ಮೇಷ್ಟ್ರೂ ಹೌದು, ಮೀಟಿಂಗಿಗೆ ಹೋಗುವವರೂ ಅವರೇ. ಶಿಕ್ಷಣ ಹಕ್ಕು ಕಾಯ್ದೆಯ ಲೆಕ್ಕದಲ್ಲಿ ಕಿರಿಯ ಪ್ರಾಥಮಿಕ ಶಾಲೆಗೆ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು. ಹಟ್ಟಿ, ತಾಂಡಾಗಳ ಶಾಲೆಗಳಲ್ಲಿ ಅದೇ ವಾಸ್ತವ. ಎಷ್ಟೋ ಕಡೆ ಒಬ್ಬರೇ. ಇದು ಈ ಸೀಮೆಯೊಂದರ ಕಥೆಯೂ ಅಲ್ಲ. ದೇಶದಲ್ಲಿ 2016-17ರಲ್ಲಿ 1,08,017 ಏಕೋಪಾಧ್ಯಾಯ ಶಾಲೆಗಳಿದ್ದವೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯೇ ಲೆಕ್ಕ ಕೊಟ್ಟಿದೆ.

ಹೊಸ ಶಿಕ್ಷಕರಿಗೆ ವಿಷಯಜ್ಞಾನದ ಕೊರತೆ ಇದೆ, ಇನ್ನೊಂದು ತರಬೇತಿ ಕೊಟ್ಟರೆ ಸರಿಹೋಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ನನ್ನ ಅಭಿಪ್ರಾಯ ಬೇರೆ. ಟಿಇಟಿ, ಸಿಇಟಿ ಎರಡನ್ನೂ ದಾಟಿ ಬಂದವರಿಗೆ ಭಿನ್ನರಾಶಿ ಗೊತ್ತಿರುತ್ತದೆ. ನಿನ್ನೆ ಹೇಳಿಕೊಟ್ಟ ಭಿನ್ನರಾಶಿ ಏಕೆ ಯಾರ ತಲೆಗೂ ಹೋಗಲಿಲ್ಲ ಎಂದು ಸಂಕೋಚವಿಲ್ಲದೆ ಮಾತಾಡಲು ಒಬ್ಬ ಮನುಷ್ಯ ಬೇಕು, ಕೊರತೆ ಇರುವುದು ಅದರದ್ದು. ಅಂಥ ಸಂಬಂಧ ತಾನಾಗಿ ಹುಟ್ಟುವುದಿಲ್ಲ, ಕಟ್ಟಿಕೊಳ್ಳಬೇಕು. ಹೇಗೆ ಎಂಬುದೇ ಈ ಲೇಖನ.

ಸಮಾನರ ಮಾತು ಏಕೆ ಕೆಲಸ ಮಾಡುತ್ತದೆ

ಅಮೆರಿಕದ ಸಮಾಜಶಾಸ್ತ್ರಜ್ಞ ಡ್ಯಾನ್ ಲಾರ್ಟಿ 1975ರಲ್ಲಿ ಶಿಕ್ಷಕ ವೃತ್ತಿಯ ಬಗ್ಗೆ ಬರೆದ ಪುಸ್ತಕದಲ್ಲಿ ಶಾಲೆಯನ್ನು ಮೊಟ್ಟೆಯ ಟ್ರೇಗೆ ಹೋಲಿಸಿದ್ದ: ಒಬ್ಬೊಬ್ಬ ಶಿಕ್ಷಕನೂ ಒಂದೊಂದು ಗುಳಿಯಲ್ಲಿ, ಒಬ್ಬರಿಗೊಬ್ಬರು ತಾಗದಂತೆ. ನಮ್ಮ ಎರಡು ಕೊಠಡಿಯ ಶಾಲೆಗಳಲ್ಲಿ ಈ ಮಾತು ಇನ್ನೂ ನಿಜ. ಅಂದಹಾಗೆ, ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರದ ಅಶೋಕನ ಶಾಸನಗಳಲ್ಲಿ ಶಿಷ್ಯನು ಆಚಾರ್ಯನನ್ನು ಗೌರವಿಸಬೇಕೆಂಬ ವಿಧಿ ಇದೆ. ತಂದೆತಾಯಿ, ಬಂಧುಗಳ ವಿಚಾರವೂ ಇದೆ. ಒಬ್ಬ ಆಚಾರ್ಯ ಇನ್ನೊಬ್ಬ ಆಚಾರ್ಯನ ಜತೆ ಹೇಗಿರಬೇಕೆಂದು ಮಾತ್ರ ಅಶೋಕನೂ ಹೇಳಲಿಲ್ಲ, ಆಮೇಲೆ ಬಂದ ನಮ್ಮ ಸುತ್ತೋಲೆಗಳೂ ಅಷ್ಟಾಗಿ ಹೇಳಿಲ್ಲ.

ಜತೆಗಾರರ ನೆರವಿಗೆ ಬಲ ಬರುವುದಕ್ಕೆ ಕಾರಣಗಳಿವೆ. ಹೊಸಬರು ಎರಡು ವರ್ಷ ಪ್ರೊಬೇಷನರಿ ಅವಧಿಯಲ್ಲಿರುತ್ತಾರೆ. ಮೇಲಿನವರು ಬಂದಾಗ ತರಗತಿಯ ಒಳ್ಳೆಯ ಮುಖ ತೋರಿಸುವುದು, ಓದಲು ಬರುವ ಮಗುವನ್ನೇ ಎಬ್ಬಿಸಿ ಓದಿಸುವುದು ಸಹಜ. ನಿಮ್ಮಂತೆಯೇ ಕಳೆದ ವರ್ಷ ಬಂದವರು ನಿಮ್ಮ ಬಗ್ಗೆ ವರದಿ ಬರೆಯುವುದಿಲ್ಲ, ಹಾಗಾಗಿ ಅವರ ಮುಂದೆ ನಿಜ ಹೊರಬರುತ್ತದೆ. ಇನ್ನೊಂದು ವಿಷಯ: ಇಪ್ಪತ್ತು ವರ್ಷ ಕಲಿಸಿದವರ ಕೈಗೆ ಕೆಲಸ ಅಭ್ಯಾಸವಾಗಿ ಹೋಗಿರುತ್ತದೆ. ಮಕ್ಕಳು ಗದ್ದಲ ಮಾಡದಂತೆ ಹೇಗೆ ನೋಡಿಕೊಳ್ಳುತ್ತೀರಿ ಎಂದು ಕೇಳಿದರೆ, “ಅದೇನ್ ಮಹಾ, ಕೂತ್ಕಳ್ರಪ್ಪಾ ಅಂದ್ರೆ ಕೂತ್ಕತಾರೆ” ಎಂದುಬಿಡುತ್ತಾರೆ. ಕಳೆದ ವರ್ಷವಷ್ಟೇ ಎಡವಿ ಎದ್ದವರಿಗೆ ತಾವು ಎಡವಿದ ಜಾಗ ಇನ್ನೂ ನೆನಪಿದೆ. ಜತೆಗೆ ಒಂದೇ ಪಠ್ಯ, ಅದೇ ನಲಿ ಕಲಿ ಕಾರ್ಡು, ಅದೇ ತಿಂಗಳ ಪಾಠ. ಅವರ ಉಪಾಯವನ್ನು ನೀವು ನಾಳೆ ಬೆಳಿಗ್ಗೆಯೇ ಬಳಸಬಹುದು.

ಎಲ್ಲ ಒಡನಾಟವೂ ಒಂದೇ ತೂಕದ್ದಲ್ಲ. ಜುಡಿತ್ ವಾರೆನ್ ಲಿಟಲ್ ಎಂಬ ಸಂಶೋಧಕಿ 1990ರಲ್ಲಿ ಶಿಕ್ಷಕರ ಒಡನಾಟವನ್ನು ನಾಲ್ಕು ಬಗೆಯಾಗಿ ನೋಡಿದರು: ಕಥೆ ಹೇಳಿಕೊಳ್ಳುವುದು, ಬೇಕಾದಾಗ ಸಹಾಯ ಕೇಳುವುದು, ಸಾಮಗ್ರಿ ಹಂಚಿಕೊಳ್ಳುವುದು, ಒಟ್ಟಿಗೆ ಕೂತು ಒಂದು ಕೆಲಸ ಮಾಡುವುದು. ಮೊದಲಿನ ಮೂರು ಹಿತವಾಗಿರುತ್ತವೆ, ಆದರೆ ತರಗತಿಯನ್ನು ಹೆಚ್ಚು ಬದಲಿಸುವುದಿಲ್ಲ. ಬದಲಾವಣೆಯ ಶಕ್ತಿ ಇರುವುದು ನಾಲ್ಕನೆಯದರಲ್ಲಿ. ನಮ್ಮ ಸ್ಟಾಫ್ ರೂಮಿನ ಮಾತುಕತೆ ಸಾಮಾನ್ಯವಾಗಿ ಮೊದಲನೆಯದರಲ್ಲೇ ಮುಗಿಯುತ್ತದೆ.

ನಾಲ್ಕನೆಯದಕ್ಕೆ ಸಾಕ್ಷಿ ಹುಡುಕಲು ದೂರ ಹೋಗಬೇಕಿಲ್ಲ, ನಿಮ್ಮ ಕೊಠಡಿಯಲ್ಲೇ ಇದೆ. ನಲಿ ಕಲಿ 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾಯಿತು. ಅಲ್ಲಿನ ಶಿಕ್ಷಕರು ಆಂಧ್ರದ ರಿಷಿವ್ಯಾಲಿಗೆ ಹೋಗಿ, ಅದರ ಸುತ್ತಲಿನ ಹಳ್ಳಿ ಶಾಲೆಗಳಲ್ಲಿ ಮಕ್ಕಳು ಕಾರ್ಡು ಹಿಡಿದು ತಮ್ಮ ವೇಗದಲ್ಲಿ ಕಲಿಯುವುದನ್ನು ಕಂಡು ಬಂದರು. ಯುನಿಸೆಫ್ ನೆರವಿತ್ತು. ಹಾಗಿದ್ದರೂ ರಿಷಿವ್ಯಾಲಿಯ ಕಾರ್ಡುಗಳನ್ನು ಅವರು ಹಾಗೆಯೇ ಅನುವಾದಿಸಿ ಹಂಚಲಿಲ್ಲ. ಒಟ್ಟಿಗೆ ಕೂತು ತಮ್ಮ ಮಕ್ಕಳಿಗೆ ಹೊಂದುವಂತೆ ಕನ್ನಡದಲ್ಲಿ ಕಟ್ಟಿದರು, ತರಗತಿಯಲ್ಲಿ ಬಳಸಿ ನೋಡಿದರು, ತಿದ್ದಿದರು. ಆಮೇಲೆ ಅದು ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಬಂತು. ಮಾಡಿದವರಿಗೆ ಒಂದೊಂದು ಕಾರ್ಡು ಏಕೆ ಆ ಮೈಲಿಗಲ್ಲಿನಲ್ಲಿದೆ ಎಂದು ಗೊತ್ತಿತ್ತು; ಬರೀ ಪೆಟ್ಟಿಗೆ ಪಡೆದವರಿಗೆ ಗೊತ್ತಾಗಲಿಲ್ಲ. ಕಾರ್ಡುಗಳು ಬೀರುವಿನಲ್ಲೇ ಉಳಿದ ಶಾಲೆಗಳಿದ್ದರೆ ಅದಕ್ಕೆ ಇದೂ ಒಂದು ಕಾರಣ ಎಂದು ನನಗನಿಸುತ್ತದೆ.

ಏನು ಮಾಡಬೇಕು

1. ಮೂರು ಜನರನ್ನು ಹುಡುಕಿಕೊಳ್ಳಿ. ಒಬ್ಬರಿಂದಲೇ ಎಲ್ಲವನ್ನೂ ನಿರೀಕ್ಷಿಸಬೇಡಿ. ಮೊದಲನೆಯವರು ನಿಮ್ಮ ಶಾಲೆಯೊಳಗಿನವರು: ಊರು, ಮನೆತನ, ದಾಖಲೆ ಎಲ್ಲಿದೆ, ಬೀಗದ ಕೈ ಯಾರ ಹತ್ತಿರ ಎಂಬುದಕ್ಕೆ. ಎರಡನೆಯವರು ನಿಮ್ಮ ಕ್ಲಸ್ಟರಿನಲ್ಲಿ ನೀವು ಕಲಿಸುವ ತರಗತಿಯನ್ನೇ, ಅಥವಾ ವಿಷಯವನ್ನೇ ಕಲಿಸುವವರು: ಪಾಠದ ಮಾತಿಗೆ. ಮೂರನೆಯವರು ನಿಮ್ಮ ಬ್ಯಾಚಿನವರು, ಬೇರೆ ತಾಲ್ಲೂಕಿನಲ್ಲಿದ್ದರೂ ಸರಿ: ಮನಸ್ಸು ಹಗುರ ಮಾಡಿಕೊಳ್ಳಲು ಮತ್ತು ಎಚ್‌ಆರ್‌ಎಂಎಸ್, ಕೆಜಿಐಡಿ, ಸೇವಾ ಪುಸ್ತಕದಂಥ ವಿಷಯಗಳಿಗೆ. 2022ರ ನೇಮಕಾತಿಯಲ್ಲಿ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆಗಳಿಗೆ ಪರೀಕ್ಷೆ ನಡೆಯಿತು. ಅಂಥ ದೊಡ್ಡ ಬ್ಯಾಚಿನವರಿಗೆ ಸೇವಾ ವಿಷಯಗಳಲ್ಲಿ ಎಲ್ಲರದ್ದೂ ಒಂದೇ ಪ್ರಶ್ನೆ. ಒಬ್ಬರು ಕಚೇರಿಗೆ ಹೋಗಿ ತಿಳಿದು ಬಂದದ್ದನ್ನು ಬರೆದಿಟ್ಟರೆ ಹತ್ತು ಜನರ ರಜೆ ಉಳಿಯುತ್ತದೆ.

ಎರಡನೆಯವರನ್ನು ಹುಡುಕುವುದೇ ಕಷ್ಟ. ಅದಕ್ಕೆ ಜಾಗ ಕ್ಲಸ್ಟರ್ ಸಮಾಲೋಚನಾ ಸಭೆ. ಅಲ್ಲಿ ಸಾಮಾನ್ಯವಾಗಿ ಒಂದೇ ಶಾಲೆಯವರು ಒಂದೇ ಬೆಂಚಿನಲ್ಲಿ ಕೂರುತ್ತಾರೆ. ನೀವು ಎದ್ದು ಇನ್ನೊಂದು ಬೆಂಚಿಗೆ ಹೋಗಿ. ಯಾರು ಯಾವ ತರಗತಿ ನೋಡಿಕೊಳ್ಳುತ್ತಾರೆ ಎಂಬುದು ಸಿಆರ್‌ಪಿಗೆ ಬಾಯಿಪಾಠ, ಅವರನ್ನೇ ಕೇಳಿ.

2. ಸಣ್ಣದನ್ನು ಕೇಳಿ, ಖಚಿತವಾಗಿ ಕೇಳಿ. “ಸರ್, ನಮ್ಮ ಮಕ್ಕಳು ಏನೂ ಕಲೀತಿಲ್ಲ, ಏನ್ಮಾಡೋದು?” ಎಂದರೆ ಎದುರಿನವರು ಏನು ಹೇಳಿಯಾರು? “ಎಲ್ಲಾ ಕಡೆ ಅದೇ ಮೇಡಂ” ಎನ್ನುತ್ತಾರೆ, ಮಾತು ಅಲ್ಲಿಗೆ ನಿಲ್ಲುತ್ತದೆ. ಅದೇ ಪ್ರಶ್ನೆಯನ್ನು ಹೀಗೆ ಕೇಳಿ ನೋಡಿ: “ಸರ್, ಮೂರನೇ ತರಗತೀಲಿ ಆರು ಮಕ್ಕಳು ದಶಕ ಸಹಿತ ಸಂಕಲನ ಮಾಡುವಾಗ 27ಕ್ಕೆ 15 ಕೂಡಿಸಿ 312 ಅಂತ ಬರೀತಾರೆ. ಕಡ್ಡಿ ಕಟ್ಟು ಕೊಟ್ಟು ಮಾಡಿಸ್ದೆ, ಕಡ್ಡೀಲಿ ಸರಿ ಬರುತ್ತೆ, ಸ್ಲೇಟಲ್ಲಿ ತಪ್ಪು. ನಿಮ್ಮಲ್ಲಿ ಹಿಂಗಾಗಿತ್ತಾ?” ಈಗ ಅವರಿಗೂ ಯೋಚಿಸಲು ಏನೋ ಸಿಕ್ಕಿತು. ಬಿಡಿ, ಹತ್ತರ ಮನೆ ಗೆರೆ ಹಾಕಿಕೊಡುವುದೋ, ಕಡ್ಡಿ ಜೋಡಿಸಿದ ಕೂಡಲೇ ಪಕ್ಕದಲ್ಲೇ ಅಂಕಿ ಬರೆಸುವುದೋ, ತಾವು ಮಾಡಿದ್ದನ್ನು ಹೇಳುತ್ತಾರೆ. ಏನು ಮಾಡಿ ನೋಡಿದಿರಿ ಎಂಬುದು ಪ್ರಶ್ನೆಯೊಳಗೇ ಇರಲಿ. ಕೇಳುವವರು ಸೋಮಾರಿಯಲ್ಲ ಎಂದು ಅದರಿಂದಲೇ ಗೊತ್ತಾಗುತ್ತದೆ.

3. ನೋಟ್‌ಬುಕ್ಕನ್ನು ಮಧ್ಯೆ ಇಟ್ಟುಕೊಳ್ಳಿ. ಈ ಲೇಖನದಿಂದ ಒಂದನ್ನೇ ಆರಿಸಿಕೊಳ್ಳುವುದಾದರೆ ಇದನ್ನು ಆರಿಸಿಕೊಳ್ಳಿ. ಶನಿವಾರ ಬೆಳಗಿನ ಶಾಲೆ. ಮಧ್ಯಾಹ್ನ ಬಸ್ಸಿಗೆ ಇನ್ನೂ ಹೊತ್ತಿರುತ್ತದೆ. ಚಳ್ಳಕೆರೆಯಲ್ಲೋ ನಾಯಕನಹಟ್ಟಿಯಲ್ಲೋ ರಾಂಪುರದಲ್ಲೋ ಇಳಿದು, ಮೂವರು ಒಂದು ಕಡೆ ಕೂರಿ. ಸಿಆರ್‌ಸಿ ಕೊಠಡಿಯಾಗಬಹುದು, ಒಬ್ಬರ ಬಾಡಿಗೆ ಮನೆಯಾಗಬಹುದು. ಮುಕ್ಕಾಲು ಗಂಟೆ ಸಾಕು. ಪ್ರತಿಯೊಬ್ಬರೂ ಒಂದೊಂದು ಮಗುವಿನ ಬರವಣಿಗೆ ತನ್ನಿ.

ಕ್ರಮ ಹೀಗಿರಲಿ. ತಂದವರು ಮೊದಲು ವಿವರಣೆ ಕೊಡಬೇಡಿ; ಉಳಿದಿಬ್ಬರು ನೋಡಲಿ. ಮಗುವಿಗೆ ಏನು ಬರುತ್ತದೆ ಎಂಬುದನ್ನು ಮೊದಲು ಹೇಳಬೇಕು. ‘ಒತ್ತಕ್ಷರ ಬಿಟ್ಟಿದ್ದಾನೆ, ದೀರ್ಘ ಬಿಟ್ಟಿಲ್ಲ’, ‘ಮಹಾಪ್ರಾಣ ಎಲ್ಲ ಅಲ್ಪಪ್ರಾಣವಾಗಿದೆ, ಮನೆಯ ಮಾತಿನಲ್ಲಿ ಹಾಗೇ ಕೇಳಿಸಿಕೊಂಡಿರಬಹುದು.’ ಆಮೇಲೆ ಕಾರಣದ ಊಹೆ. ಕೊನೆಗೆ, ಸೋಮವಾರ ಮಾಡಿ ನೋಡಬೇಕಾದ ಒಂದೇ ಒಂದು ಕೆಲಸ. ಮುಂದಿನ ಭೇಟಿಯಲ್ಲಿ ಅದೇ ಮಗುವಿನ ಹೊಸ ಪುಟ ಬರಲಿ. ಮೂರು ನಾಲ್ಕು ಭೇಟಿಯಲ್ಲಿ ನಿಮ್ಮ ಕಣ್ಣು ಬದಲಾಗುತ್ತದೆ: ‘ದಡ್ಡ’ ಎಂದು ಕಂಡ ಮಗು ಒಂದು ನಿಯಮವನ್ನು ತಪ್ಪಾಗಿ ಹಿಡಿದಿದೆ ಎಂದು ಕಾಣತೊಡಗುತ್ತದೆ.

ನೋಟ್‌ಬುಕ್ ಏಕೆ ಬೇಕು? ಬರೀ ಮಾತಿಗೆ ಕೂತರೆ ವರ್ಗಾವಣೆ, ಡಿಎ, ಅಧಿಕಾರಿಗಳ ಸುದ್ದಿಗೆ ಮಾತು ಜಾರುವುದು ಖಂಡಿತ. ಮಧ್ಯೆ ಒಂದು ಪುಟ ಇದ್ದರೆ ಮಾತು ಮತ್ತೆ ಮತ್ತೆ ಅಲ್ಲಿಗೇ ಬರುತ್ತದೆ.

4. ಒಬ್ಬರ ತರಗತಿಯಲ್ಲಿ ಇನ್ನೊಬ್ಬರು ಕೂರಿ. ಎರಡೇ ಶಿಕ್ಷಕರ ಶಾಲೆಯಿಂದ ಎದ್ದು ಹೋಗುವುದು ಹೇಗೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ನಿಮ್ಮ ಶಾಲೆಯೊಳಗೇ ಶುರುಮಾಡಿ: ಸಹೋದ್ಯೋಗಿಯ ಮಕ್ಕಳನ್ನೂ ಸೇರಿಸಿ ನೀವು ಅರ್ಧ ಗಂಟೆ ಪಾಠ ಮಾಡಿ, ಅವರು ಹಿಂದೆ ಕೂತು ನೋಡಲಿ, ಇನ್ನೊಂದು ದಿನ ಅದಲು ಬದಲು. ಬೇರೆ ಶಾಲೆಗೆ ಹೋಗುವುದಿದ್ದರೆ ಮುಖ್ಯ ಶಿಕ್ಷಕರಿಗೂ ಸಿಆರ್‌ಪಿಗೂ ಮೊದಲೇ ಹೇಳಿ, ಅನುಮತಿ ಪಡೆದೇ ಹೋಗಿ. ಯಾವುದೂ ಆಗದಿದ್ದರೆ ನಿಮ್ಮದೇ ಪಾಠದ ಹತ್ತು ನಿಮಿಷವನ್ನು ಫೋನಿನಲ್ಲಿ ಧ್ವನಿ ಮಾತ್ರ ಮುದ್ರಿಸಿಕೊಂಡು ಕೇಳಿ. ಪ್ರಶ್ನೆ ಕೇಳಿ ಎಷ್ಟು ಹೊತ್ತು ಕಾಯುತ್ತೀರಿ, ಯಾರ ಹೆಸರನ್ನು ಪದೇ ಪದೇ ಕರೆಯುತ್ತೀರಿ ಎಂಬುದು ಸಂಕೋಚವಾಗುವಷ್ಟು ಸ್ಪಷ್ಟವಾಗಿ ಕೇಳಿಸುತ್ತದೆ.

ನೋಡುವವರಿಗೆ ಒಂದು ನಿಯಮ: ಅವರು ಕೇಳಿದ್ದನ್ನು ಮಾತ್ರ ನೋಡಿ. ‘ಹಿಂದಿನ ಸಾಲು ಏನು ಮಾಡುತ್ತಿದೆ ನೋಡಿ’ ಎಂದರೆ ಹಿಂದಿನ ಸಾಲನ್ನೇ ನೋಡಿ. ಕಂಡದ್ದನ್ನು ಹೇಳಿ: ‘ನಾಲ್ಕು ಜನ ಕಾರ್ಡು ಮುಗಿಸಿ ಸುಮ್ಮನೆ ಕೂತಿದ್ದರು’ ಎಂದು. ‘ನೀವು ಹೀಗೆ ಮಾಡಬೇಕಿತ್ತು’ ಎಂಬ ಮಾತು ಬಂದರೆ ಮುಂದಿನ ಸಲ ಅವರು ನಿಮ್ಮನ್ನು ಕರೆಯುವುದಿಲ್ಲ. ಜಪಾನಿನ ಶಾಲೆಗಳಲ್ಲಿ ಶಿಕ್ಷಕರು ಗುಂಪಾಗಿ ಒಂದು ಪಾಠ ಯೋಜಿಸಿ, ಒಬ್ಬರು ಕಲಿಸಿ, ಉಳಿದವರು ಮಕ್ಕಳನ್ನು ಗಮನಿಸಿ, ಮತ್ತೆ ಕೂತು ತಿದ್ದುವ ಪದ್ಧತಿ ಬಹಳ ಹಳೆಯದು. ಅಲ್ಲಿ ಚರ್ಚೆ ಪಾಠದ ಮೇಲೆ, ಮೇಷ್ಟ್ರ ಮೇಲಲ್ಲ.

5. ಊರನ್ನು ಊರಿನವರಿಂದ ಕಲಿಯಿರಿ. ಜತೆಗಾರರೆಂದರೆ ಹೊಸಬರು ಮಾತ್ರ ಎಂದುಕೊಳ್ಳಬೇಡಿ. ಈ ಸೀಮೆಯ ಶಾಲೆಗೆ ಸರ್ಕಾರದ ಕ್ಯಾಲೆಂಡರಿನ ಜತೆ ಊರಿನದೂ ಒಂದಿದೆ. ಶೇಂಗಾ ಕೀಳುವ ಕಾಲಕ್ಕೆ ದೊಡ್ಡ ಮಕ್ಕಳು ಹೊಲದಲ್ಲಿರುತ್ತಾರೆ. ಫಾಲ್ಗುಣದಲ್ಲಿ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ ತೇರು. ಅದೇ ಹೊತ್ತಿಗೆ ವರ್ಷದ ಕೊನೆಯ ಪರೀಕ್ಷೆಯ ಗಡಿಬಿಡಿ. ಗೌರಸಮುದ್ರ ಮಾರಮ್ಮನ ಜಾತ್ರೆಯ ವಾರದಲ್ಲಿ ಹೊಸ ಪಾಠ ಶುರುಮಾಡಿದರೆ ಎರಡು ಸಲ ಮಾಡಬೇಕಾಗುತ್ತದೆ. ಮಳೆ ಕೈಕೊಟ್ಟ ವರ್ಷ ಕೆಲವು ಮನೆಗಳು ಗುಳೆ ಹೋಗುತ್ತವೆ, ಮಕ್ಕಳೂ ಹೋಗುತ್ತಾರೆ. ಮೊಳಕಾಲ್ಮುರಿನ ಮಗ್ಗದ ಮನೆಗಳಲ್ಲಿ ಸೀರೆ ಇಳಿಸುವ ಅವಸರದಲ್ಲಿ ಮಕ್ಕಳ ಮನೆಗೆಲಸ ಹಿಂದೆ ಬೀಳುತ್ತದೆ. ಇವನ್ನೆಲ್ಲ ಮೊದಲೇ ತಿಳಿದು ಪಾಠ ಹಂಚಿಕೆ ಮಾಡುವವರು ಹಳಬರು. ಅವರ ಪಕ್ಕ ಕೂತು ವರ್ಷದ ಹಾಳೆಯಲ್ಲಿ ಗುರುತು ಹಾಕಿಕೊಳ್ಳಿ.

ಊಟದ ವಿಷಯದಲ್ಲೂ ಕೇಳಿ ತಿಳಿಯಬೇಕಾದದ್ದಿದೆ. ಕೋಳಿ ತಿನ್ನದ ಕಟ್ಟುಪಾಡು ಉಳಿಸಿಕೊಂಡಿರುವ ಮ್ಯಾಸಬೇಡರ ಹಟ್ಟಿಗಳು ಇಲ್ಲಿವೆ. ಮೊಟ್ಟೆ ಕೊಡುವ ದಿನ ಯಾವ ಮಗುವಿಗೆ ಮೊಟ್ಟೆ, ಯಾವ ಮಗುವಿಗೆ ಬಾಳೆಹಣ್ಣು ಎಂಬುದು ಬಿಸಿಯೂಟದ ಅಮ್ಮಂದಿರಿಗೆ ಗೊತ್ತು. ಕಾಡುಗೊಲ್ಲರ ಹಟ್ಟಿಗಳಿಗೆ ಅವರದ್ದೇ ರೀತಿನೀತಿ. ಒಪ್ಪುವುದು ಬಿಡುವುದು ಆಮೇಲಿನ ಮಾತು, ಮೊದಲು ತಿಳಿದುಕೊಂಡಿರಬೇಕು.

ಭಾಷೆಯದ್ದು ಇನ್ನೊಂದು ದೊಡ್ಡ ವಿಷಯ. ರಾಯದುರ್ಗದ ಗಡಿ ಹತ್ತಿರ, ಅನೇಕ ಮನೆಗಳ ಮಾತು ತೆಲುಗು. ತಾಂಡಾದಲ್ಲಿ ಲಂಬಾಣಿ. ಒಂದನೇ ತರಗತಿಗೆ ಬಂದ ಮಗು ಕನ್ನಡ ಕೇಳಿಸಿಕೊಂಡು ಸುಮ್ಮನಿದ್ದರೆ ಅದು ಮೊದ್ದಲ್ಲ, ಮಾತು ಅರ್ಥವಾಗಿಲ್ಲ ಅಷ್ಟೆ. ವಿಜಯಪುರದಿಂದಲೋ ಶಿವಮೊಗ್ಗದಿಂದಲೋ ಬಂದ ನಿಮ್ಮ ಕನ್ನಡವೂ ಅದಕ್ಕೆ ಹೊಸದೇ. ತೆಲುಗು ಬಲ್ಲ ಸಹೋದ್ಯೋಗಿಯಿಂದ ಮೂವತ್ತು ನಲವತ್ತು ಮಾತು ಬರೆಸಿಕೊಳ್ಳಿ: ಬಾ, ಕೂತ್ಕೋ, ಬರಿ, ಹಸಿವಾ, ಹೊಟ್ಟೆನೋವಾ, ಅಮ್ಮ ಎಲ್ಲಿ ಹೋಗಿದ್ದಾಳೆ. ಮೊದಲ ತಿಂಗಳು ಅಷ್ಟೇ ಸಾಕು. ಮೇಡಂ ‘ರಾ, ಕೂರ್ಚೋ’ ಎಂದ ದಿನ ಆ ಮಗು ನಿಮ್ಮನ್ನು ನೋಡುವ ರೀತಿಯೇ ಬೇರೆಯಾಗುತ್ತದೆ.

ಅತಿಥಿ ಶಿಕ್ಷಕರು ಬಹಳ ಸಲ ಅದೇ ಊರಿನವರು, ಮಕ್ಕಳ ಮನೆಯನ್ನು ಬಲ್ಲವರು. ಅವರನ್ನು ‘ಗೆಸ್ಟ್’ ಎಂದು ಬದಿಗೆ ಕೂರಿಸಬೇಡಿ. ಅವರ ಗೌರವಧನ ಕಡಿಮೆ, ಮುಂದಿನ ವರ್ಷದ ಖಾತ್ರಿ ಇಲ್ಲ. ಅವರಿಂದ ಕಲಿಯಿರಿ, ನಿಮ್ಮ ತರಬೇತಿಯ ಸಾಮಗ್ರಿಯನ್ನು ಅವರಿಗೂ ಕೊಡಿ. ನಿಮ್ಮ ದಾಖಲೆ ಕೆಲಸವನ್ನು ಮಾತ್ರ ಅವರ ತಲೆಗೆ ಕಟ್ಟಬೇಡಿ.

6. ಒಂದು ಘಟಕವನ್ನು ಒಟ್ಟಿಗೆ ಸಿದ್ಧಪಡಿಸಿ. ವರ್ಷಕ್ಕೆ ಎರಡು ಸಾಕು. ಐದನೇ ತರಗತಿಯ ಭಿನ್ನರಾಶಿ ಎಂದಿಟ್ಟುಕೊಳ್ಳಿ. ಒಬ್ಬರು ಚಟುವಟಿಕೆ, ಒಬ್ಬರು ಅಭ್ಯಾಸದ ಲೆಕ್ಕ, ಇನ್ನೊಬ್ಬರು ಎಫ್‌ಎ ಪ್ರಶ್ನೆಗಳನ್ನು ತಯಾರಿಸಿ. ಮೊದಲು ಒಬ್ಬರು ಕಲಿಸಲಿ, ಎಲ್ಲಿ ಮಕ್ಕಳು ನಿಂತರು ಎಂದು ಆ ಸಂಜೆಯೇ ಉಳಿದವರಿಗೆ ಹೇಳಲಿ. ಎರಡನೆಯವರು ತಿದ್ದಿ ಕಲಿಸಲಿ. ಸಾಮಗ್ರಿಗೆ ಖರ್ಚು ಬೇಡ. ಈ ಸೀಮೆಯಲ್ಲಿ ಶೇಂಗಾ ಕಾಯಿ, ಹುಣಸೆ ಬೀಜ, ರೇಷ್ಮೆ ಸೀರೆಯ ಅಂಚಿನ ವಿನ್ಯಾಸ ಎಲ್ಲವೂ ಗಣಿತವೇ. ಅಂಚಿನಲ್ಲಿ ಮತ್ತೆ ಮತ್ತೆ ಬರುವ ಬುಟ್ಟಾಗಳನ್ನು ಎಣಿಸಿದ ನೇಕಾರರ ಮಗುವಿಗೆ ವಿನ್ಯಾಸದ ಪಾಠ ನೀವು ಹೇಳಿಕೊಡುವುದಕ್ಕಿಂತ ಅದೇ ನಿಮಗೆ ಹೇಳಿಕೊಟ್ಟೀತು.

7. ತರಬೇತಿಯಲ್ಲಿ ಸಿಕ್ಕವರನ್ನು ಕಳೆದುಕೊಳ್ಳಬೇಡಿ. ಡಯಟ್‌ನಲ್ಲೋ ಬಿಆರ್‌ಸಿಯಲ್ಲೋ ನಡೆಯುವ ತರಬೇತಿಯ ಅರ್ಧ ಲಾಭ ಊಟದ ಸಾಲಿನಲ್ಲಿದೆ. ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಯ ಕ್ಯಾಂಪಸ್ಸಿನಲ್ಲಿ ಪ್ರತಿಭಾ ವಿಕಾಸ ಕೇಂದ್ರವೊಂದಿದ್ದು, ವಿಜ್ಞಾನ ಮತ್ತು ಗಣಿತ ಶಿಕ್ಷಕರಿಗೆ ಅಲ್ಲಿ ವಸತಿಯುತ ತರಬೇತಿ ನಡೆಯುತ್ತದೆ. ರಾಜ್ಯದ ಬೇರೆ ಬೇರೆ ಕಡೆಯ ಶಿಕ್ಷಕರು ಬಸ್ಸು ಹತ್ತಿ ಬರುವ ಜಾಗ ನಿಮ್ಮ ಮಗ್ಗುಲಲ್ಲೇ ಇದೆ. ಪ್ರೌಢಶಾಲೆಯ ವಿಜ್ಞಾನ ಶಿಕ್ಷಕರು ಅವಕಾಶ ಬಂದಾಗ ಬಿಡಬೇಡಿ. ಇಂಥ ಕಡೆ ಸಿಕ್ಕವರಲ್ಲಿ ಇಬ್ಬರ ಜತೆಯಾದರೂ ವಾಪಸ್ ಬಂದ ತಿಂಗಳೊಳಗೆ ಒಮ್ಮೆ ಮಾತಾಡಿ. ಆ ಪ್ರಯೋಗ ತರಗತಿಯಲ್ಲಿ ಮಾಡಿದಿರಾ ಎಂದು ಕೇಳಿ.

ಸಾಮಾನ್ಯವಾಗಿ ಆಗುವ ತಪ್ಪುಗಳು

ವಾಟ್ಸ್ಆ್ಯಪ್ ಗ್ರೂಪನ್ನೇ ಸ್ನೇಹವೆಂದು ತಿಳಿಯುವುದು ಮೊದಲನೆಯದು. ಇನ್ನೂರು ಜನರ ಗ್ರೂಪಿನಲ್ಲಿ ಸುತ್ತೋಲೆ, ನಮೂನೆ, ಶುಭೋದಯ, ಹುಟ್ಟುಹಬ್ಬ ಎಲ್ಲ ಬರುತ್ತವೆ. ‘ನನ್ನ ತರಗತಿ ನನ್ನ ಹಿಡಿತದಲ್ಲಿಲ್ಲ’ ಎಂದು ಅಲ್ಲಿ ಯಾರೂ ಬರೆಯುವುದಿಲ್ಲ, ಬರೆಯಲೂ ಬಾರದು. ಅದು ಮೂವರ ನಡುವಿನ ಮಾತು.

ಬ್ಯಾಚಿನವರ ಜತೆ ಮಾತ್ರ ಇರುವುದು ಎರಡನೆಯದು. ಎಲ್ಲರೂ ಹೊಸಬರೇ ಆದ ಗುಂಪಿನಲ್ಲಿ ಸಮಾಧಾನ ಸಿಗುತ್ತದೆ, ದಾರಿ ಸಿಗದಿರಬಹುದು. ಮೂವರಲ್ಲಿ ಒಬ್ಬರಾದರೂ ಐದಾರು ವರ್ಷ ಕಲಿಸಿದವರಿರಲಿ.

ಯೋಜನೆಯನ್ನು ನಕಲು ಮಾಡುವುದು ಮತ್ತೊಂದು. ಇನ್ನೊಬ್ಬರ ಪಾಠ ಯೋಜನೆ, ಕ್ರಿಯಾ ಯೋಜನೆಯನ್ನು ದಿನಾಂಕ ಬದಲಿಸಿ ಬರೆದುಕೊಳ್ಳುವುದಕ್ಕೆ ಸಹಕಾರ ಎನ್ನುವುದುಂಟು. ದಾಖಲೆ ಮುಗಿಯುತ್ತದೆ, ತರಗತಿ ಇದ್ದಲ್ಲೇ ಇರುತ್ತದೆ.

ಭೇಟಿಗಳು ದೂರಿನ ಕೂಟಗಳಾಗುವುದು ಎಲ್ಲಕ್ಕಿಂತ ಸಾಮಾನ್ಯ. ದೂರು ಬೇಡವೆಂದಲ್ಲ, ಎದೆಯಲ್ಲಿದ್ದದ್ದು ಹೊರಬರಬೇಕು. ಮೊದಲ ಹತ್ತು ನಿಮಿಷ ಅದಕ್ಕೇ ಬಿಡಿ. ಆಮೇಲೆ ಒಬ್ಬರು ಧೈರ್ಯವಾಗಿ ನೋಟ್‌ಬುಕ್ ತೆಗೆಯಬೇಕು.

ಎಚ್ಚರಿಕೆ

ಮಕ್ಕಳ ಹೆಸರು, ಜಾತಿ, ಮನೆಯ ವಿಷಯ, ಫೋಟೊ ನಿಮ್ಮ ಗುಂಪಿನಿಂದ ಆಚೆ ಹೋಗಬಾರದು. ನೋಟ್‌ಬುಕ್ಕಿನ ಪುಟವನ್ನು ಫೋನಿನಲ್ಲಿ ಕಳಿಸುವಾಗ ಹೆಸರು ಮುಚ್ಚಿ ಕಳಿಸಿ.

ಮಗುವಿನ ಮೇಲೆ ಲೈಂಗಿಕ ದೌರ್ಜನ್ಯವಾಗಿರುವ ಸಂಗತಿ ತಿಳಿದುಬಂದರೆ, ಅಥವಾ ಆಗಬಹುದೆಂಬ ಆತಂಕ ಬಂದರೆ, ಅದು ಗೆಳೆಯರ ನಡುವೆ ಚರ್ಚಿಸಿ ತೀರ್ಮಾನಿಸುವ ವಿಷಯವಲ್ಲ. ಪೋಕ್ಸೊ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಮಕ್ಕಳ ಸಹಾಯವಾಣಿ 1098.

ಹಣದ ವ್ಯವಹಾರ ಬೆರೆಸಬೇಡಿ. ಹೊಸ ನೌಕರರ ಸಂಬಳದ ಚೀಟಿಗೆ ಬೆಲೆ ಇದೆ. ಸಾಲಕ್ಕೆ ಜಾಮೀನು ಹಾಕಿ ಎಂದು ಕೇಳುವವರು ಮೊದಲ ವರ್ಷವೇ ಬರುತ್ತಾರೆ. ಜಾಮೀನು ಹಾಕಿದ ಮೇಲೆ ಸ್ನೇಹವೂ ಉಳಿಯದ, ಸಂಬಳವೂ ಉಳಿಯದ ಪ್ರಸಂಗಗಳನ್ನು ಹಿರಿಯ ಶಿಕ್ಷಕರನ್ನು ಕೇಳಿದರೆ ಹೇಳುತ್ತಾರೆ. ಮೊದಲೇ ‘ಇಲ್ಲ’ ಎನ್ನುವುದು ಸುಲಭ.

ನಿದ್ದೆ ಬಾರದಿರುವುದು, ಶಾಲೆಯ ಯೋಚನೆಯಿಂದಲೇ ಎದೆ ಬಡಿತ ಏರುವುದು, ಯಾರೂ ಬೇಡವೆನಿಸುವುದು ವಾರಗಟ್ಟಲೆ ಮುಂದುವರಿದರೆ ಗೆಳೆಯರ ಮಾತು ಸಾಲದು. ವೈದ್ಯರನ್ನು ಕಾಣಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ. ಜತೆಗಾರರಲ್ಲಿ ಇಂಥದ್ದನ್ನು ಕಂಡವರು ‘ಎಲ್ಲಾ ಸರಿಹೋಗುತ್ತೆ’ ಎಂದು ಬೆನ್ನು ತಟ್ಟಿ ಬಿಡಬೇಡಿ, ಜತೆಗೆ ಹೋಗಿ.

ಮುಖ್ಯ ಶಿಕ್ಷಕರಿಗೆ, ಸಿಆರ್‌ಪಿಗಳಿಗೆ

ಕೊಠಾರಿ ಆಯೋಗ 1966ರಲ್ಲೇ ಹತ್ತಿರದ ಶಾಲೆಗಳನ್ನು ಜೋಡಿಸುವ ಶಾಲಾ ಸಂಕೀರ್ಣದ ಮಾತಾಡಿತ್ತು. 2020ರ ನೀತಿ ಅದನ್ನೇ ಮತ್ತೆ ಹೇಳಿದೆ. ಶಿಕ್ಷಕರು ವರ್ಷಕ್ಕೆ 50 ಗಂಟೆ ವೃತ್ತಿಪರ ಕಲಿಕೆಯಲ್ಲಿ ತೊಡಗಬೇಕೆಂದೂ ಹೇಳಿದೆ. ಕ್ಲಸ್ಟರ್ ಇದೆ, ಸಭೆ ಇದೆ, ಕುರ್ಚಿ ಇದೆ. ಸಭೆಯ ಹೊತ್ತೆಲ್ಲ ಮಾಹಿತಿ ಸಂಗ್ರಹಕ್ಕೇ ಹೋದರೆ ಅದು ಕಚೇರಿಯ ಕೌಂಟರ್ ಆಗುತ್ತದೆ. ಪ್ರತಿ ಸಭೆಯಲ್ಲಿ ಇಪ್ಪತ್ತು ನಿಮಿಷ ಒಂದೇ ತರಗತಿಯವರನ್ನು ಒಟ್ಟಿಗೆ ಕೂರಿಸಿ ಬಿಟ್ಟುಬಿಡಿ. ಅದರ ವರದಿ ಕೇಳಬೇಡಿ, ಫೋಟೊ ಕೇಳಬೇಡಿ. ವರದಿ ಕೇಳಿದ ದಿನವೇ ಅವರು ನಿಜ ಹೇಳುವುದನ್ನು ನಿಲ್ಲಿಸುತ್ತಾರೆ.

ಹೊಸಬರು ಹಾಜರಾದ ದಿನ ಅವರ ಕೈಗೆ ಚಾರ್ಜ್ ಪಟ್ಟಿಯ ಜತೆ ಒಂದು ಚೀಟಿ ಕೊಡಿ: ಅದೇ ತರಗತಿ ಕಲಿಸುವ, ಹತ್ತಿರದ ಶಾಲೆಯ ಒಬ್ಬರ ಹೆಸರು ಮತ್ತು ಫೋನ್ ನಂಬರ್. ಆ ಒಬ್ಬರಿಗೂ ಮೊದಲೇ ಹೇಳಿಟ್ಟಿರಿ. ಇದಕ್ಕೆ ಅನುದಾನ ಬೇಕಿಲ್ಲ.

ಹೊಸ ಶಿಕ್ಷಕರೇ, ಯಾರೂ ಆ ಚೀಟಿ ಕೊಡದಿದ್ದರೆ ಕಾಯುತ್ತಾ ಕೂರಬೇಡಿ. ಈ ತಿಂಗಳ ಸಮಾಲೋಚನಾ ಸಭೆಗೆ ಹೋಗುವಾಗ ಹಾಜರಿ ಮಾಹಿತಿಯ ಜತೆ ನಿಮಗೆ ಅರ್ಥವಾಗದ ಒಂದು ಮಗುವಿನ ನೋಟ್‌ಬುಕ್ ಬ್ಯಾಗಿನಲ್ಲಿಟ್ಟುಕೊಳ್ಳಿ. ಚಹಾದ ಹೊತ್ತಿಗೆ ನಿಮ್ಮದೇ ತರಗತಿ ಕಲಿಸುವ ಒಬ್ಬರ ಮುಂದೆ ಅದನ್ನು ಬಿಚ್ಚಿಡಿ.